ಶೂನ್ಯವೇಳೆಯ ಮೂರು ನಿಮಿಷ

ನಾನು ಲೋಕಸಭೆಯನ್ನು ಕಂಡವನಲ್ಲ. ದೆಹಲಿಗೆ ಹೋದದ್ದೇ ಒಂದು ಸಲ, ಅದೂ ವಿಮಾನ ಬದಲಿಸುವುದಕ್ಕೆ. ಆದರೂ ಆ ಸಭೆಯ ನಡಾವಳಿಯಲ್ಲಿ ನಾನು ದೋಹಾದಲ್ಲಿ ಕೂತು ಬರೆದ ಹತ್ತಾರು ವಾಕ್ಯಗಳಿವೆ. ಅವುಗಳ ಮುಂದೆ ಇರುವ ಹೆಸರು ನನ್ನದಲ್ಲ, ಊರಿನ ಕಡೆಯ ಒಬ್ಬ ಸಂಸದರದ್ದು. ಯಾವ ಪಕ್ಷ, ಯಾವ ಕ್ಷೇತ್ರ ಎಂದು ಹೇಳುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದೆಲ್ಲ ನನ್ನ ಮೇಲೆಯೇ.

ಸಂಸದರು ದೋಹಾಕ್ಕೆ ಬಂದದ್ದು ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ. ಮರುದಿನ ಬೆಳಿಗ್ಗೆ ಮದೀನತ್ ಖಲೀಫಾದ ಒಬ್ಬ ವ್ಯಾಪಾರಿಯ ಮನೆಯಲ್ಲಿ ಅವರಿಗೆ ನೀರುದೋಸೆ, ಕೋಳಿ ಸಾರು. ನನ್ನನ್ನೂ ಕರೆದಿದ್ದರು, ಸ್ವಾಗತ ಭಾಷಣ ಬರೆದುಕೊಟ್ಟವನೆಂಬ ಒಂದೇ ಕಾರಣಕ್ಕೆ. ಸಂಸದರು ಕೈ ತೊಳೆದು ಬಂದು ನನ್ನ ಪಕ್ಕದಲ್ಲೇ ಕೂತರು.

“ನಿಮ್ಮ ಭಾಷೆ ಲಾಯ್ಕುಂಟು ಮಾರಾಯ್ರೆ. ಗಲ್ಫಿನ ವಿಷಯ ಏನಾದ್ರೂ ಇದ್ರೆ ಸಣ್ಣ ನೋಟ್ ಮಾಡಿ ಕಳಿಸಿ. ಶೂನ್ಯವೇಳೆಯಲ್ಲಿ ನಂಗೆ ಸಿಗುದು ಎರಡೋ ಮೂರೋ ನಿಮಿಷ. ಅಂಕಿಅಂಶ ಎಲ್ರೂ ಹೇಳ್ತಾರೆ, ಯಾರೂ ಕೇಳುದಿಲ್ಲ. ಸಭೆ ತಲೆ ಎತ್ತಿ ನೋಡ್ಬೇಕಾದ್ರೆ ಒಂದು ವಸ್ತು ಬೇಕು. ಕಣ್ಣಿಗೆ ಕಾಣುವಂಥದ್ದು.”

ಅಂದಿನಿಂದ ನನಗೆ ಹುಚ್ಚು ಹತ್ತಿತು. ಕಚೇರಿಯಲ್ಲಿ ನನ್ನ ಕೆಲಸ ಪತ್ರವ್ಯವಹಾರ: ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ಮುದ್ರೆ ಒತ್ತುವುದು. ಅಂಥವನಿಗೆ ದೇಶದ ವಿದೇಶಾಂಗ ನೀತಿಯಲ್ಲಿ ಕೈಯಾಡಿಸುವ ಅವಕಾಶ! ರಜೆಯ ತಿಂಗಳಲ್ಲಿ ಆಕಾಶಕ್ಕೇರುವ ವಿಮಾನದ ದರದ ಬಗ್ಗೆ ಬರೆದೆ. ಗಡಿ ದಾಟಿ ಸಿಕ್ಕಿಬಿದ್ದ ಮೀನುಗಾರರ ಬಗ್ಗೆ ಬರೆದೆ. ಆಮೇಲೆ ನನ್ನ ವ್ಯಾಪ್ತಿ ತಾನಾಗಿಯೇ ಹಿಗ್ಗಿತು. ಕಡಲ್ಕೊರೆತ, ಬೀಡಿ ಕಟ್ಟುವವರ ಭವಿಷ್ಯನಿಧಿ, ಊರಿನ ರೈಲಿನ ಸಮಯ, ಹೀಗೆ ಒಳನಾಡಿನ ವಿಷಯಗಳಿಗೂ ಕೈಹಾಕಿದೆ. ಪ್ರತಿಯೊಂದರಲ್ಲೂ ಒಂದು ವಸ್ತು. ಕಡಲ್ಕೊರೆತದ ಟಿಪ್ಪಣಿಯಲ್ಲಿ ಸಮುದ್ರದ ನಡುವೆ ನಿಂತುಬಿಟ್ಟ ಒಂದು ಬಾವಿಯ ಕಟ್ಟೆ ಇತ್ತು. ಸಂಸದರು ಅದನ್ನು ಹೇಳಿದಾಗ ಎದುರು ಸಾಲಿನವರೊಬ್ಬರು ನಿಜಕ್ಕೂ ತಲೆ ಎತ್ತಿದರು. ಆ ತುಣುಕನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

“ನಿಮ್ಮ ಎಂಪಿಗಿರಿ ಮುಗೀತಾ? ಬೆಂಡೆಕಾಯಿ ತರ್ಲಿಕ್ಕೆ ಹೇಳಿದ್ದೆ” ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. ನನಗೆ ಅದೂ ಹೊಗಳಿಕೆಯ ಹಾಗೇ ಕೇಳಿಸುತ್ತಿತ್ತು.

ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೆ. ಸಂಸದರು ಕನ್ನಡದಲ್ಲೇ ಮಾತಾಡಬೇಕು. ಅದಕ್ಕೆ ಅನುಮತಿ ಇದೆ, ಅನುವಾದಕರಿದ್ದಾರೆ, ಮತ್ತೆ ಯಾಕೆ ಹೆದರಿಕೆ ಎಂದು ಪ್ರತಿ ಟಿಪ್ಪಣಿಯ ಕೊನೆಗೂ ಬರೆಯುತ್ತಿದ್ದೆ. ಕನ್ನಡದಲ್ಲಿ ಮಾತಾಡಿದರೆ ಅದನ್ನು ಯಾರೆಲ್ಲ ಕೇಳುತ್ತಾರೆ ಎಂದು ಮಾತ್ರ ಯೋಚಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಜ್ಮಾ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ನಾನು ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ. ಕೆಳಗೆ ದರ್ಜಿ ಅಂಗಡಿ, ಪಕ್ಕದಲ್ಲಿ ಕೆಫೆಟೇರಿಯಾ. ಚಹಾ ಕುದಿಯುವ ವಾಸನೆಯಲ್ಲೇ ನಮ್ಮ ಒತ್ತಕ್ಷರಗಳು ನಡೆಯುತ್ತವೆ. ಮಕ್ಕಳು ಎರಡು ವರ್ಷ ಬಂದು ಆಮೇಲೆ ಮಾಯವಾಗುತ್ತಾರೆ. ಹಾಗೆ ಮಾಯವಾಗದೆ ಎಂಟು ವರ್ಷ ಬಂದವಳು ಒಬ್ಬಳೇ, ಅಲ್ ಹಿಲಾಲ್‌ನ ಒಬ್ಬ ಬ್ಯಾರಿಯವರ ಮಗಳು. ಹನ್ನೆರಡನೇ ಕ್ಲಾಸು. ರಾಜ್ಯಶಾಸ್ತ್ರ ಅವಳ ಪ್ರಾಣ. ಬೋರ್ಡ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಊರಿಗೆ ಹೋಗಿ ಕಾನೂನು ಓದುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಮನೆಯಲ್ಲಿ ಆ ವರ್ಷ ಮಾತೆಂದರೆ ಪರೀಕ್ಷೆಯದ್ದೇ. ಅವಳ ತಾಯಿ ಟೀವಿಯ ತಂತಿಯನ್ನೇ ಕಿತ್ತಿಟ್ಟಿದ್ದರು.

ಅವಳ ತಂದೆ ಒಂದು ಗುತ್ತಿಗೆ ಕಂಪನಿಯಲ್ಲಿ ಮಂದೂಬ್. ಅಂದರೆ ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವರು. ಕೆಲಸಗಾರರ ಐಡಿ, ವೀಸಾ, ವೈದ್ಯಕೀಯ ಪರೀಕ್ಷೆ, ಎಲ್ಲ ಕಾಗದವೂ ಅವರ ಕೈಯಿಂದಲೇ ಹೋಗಬೇಕು. ಆ ಕೆಲಸಕ್ಕೆ ಅರಬ್ಬಿ ಬೇಕು, ತಾಳ್ಮೆ ಬೇಕು, ಎಲ್ಲಕ್ಕಿಂತ ಮೊದಲು ಬಾಯಿ ಬಿಗಿ ಇರಬೇಕು. ಅವರಲ್ಲಿ ಮೂರೂ ಇದ್ದವು. ನಾನು ಅವರನ್ನು ಸಾಹೇಬ್ರೆ ಎನ್ನುತ್ತಿದ್ದೆ, ಅವರು ನನ್ನನ್ನು ಮಾಷ್ಟ್ರೆ ಎನ್ನುತ್ತಿದ್ದರು.

ಚಳಿ ಶುರುವಾಗುವ ಹೊತ್ತಿನ ಒಂದು ಶುಕ್ರವಾರ, ಪಾಠ ಮುಗಿದ ಮೇಲೆ ಮಗಳು ಒಳಗೆ ನನ್ನ ಹೆಂಡತಿಯ ಹತ್ತಿರ ಹರಟುತ್ತಿದ್ದಳು. ಸಾಹೇಬರು ಚಹಾದ ಲೋಟ ಹಿಡಿದುಕೊಂಡು ಕುಡಿಯದೆ ಕೂತಿದ್ದರು.

“ಎಂತ ಸಾಹೇಬ್ರೆ, ಸಪ್ಪೆ ಇದ್ದೀರಿ?”

“ಒಬ್ಬನ ತಾಯಿ ತೀರಿಹೋದ್ರು ಮಾಷ್ಟ್ರೆ. ನಮ್ಮ ಲೇಬರ್ ಕ್ಯಾಂಪಿನವ. ಅವನಿಗೆ ಹೋಗ್ಲಿಕ್ಕೆ ಆಗಲಿಲ್ಲ.”

ಆಮೇಲೆ ನಿಧಾನವಾಗಿ ಹೇಳಿದರು. ಪಾಸ್‌ಪೋರ್ಟ್ ಕೆಲಸಗಾರನ ಹತ್ತಿರವೇ ಇರಬೇಕೆಂಬುದು ಇಲ್ಲಿಯ ಕಾನೂನು. ಅವರ ಕಂಪನಿಯಲ್ಲಿ ಮಾತ್ರ ಎಲ್ಲವನ್ನೂ ಮ್ಯಾನೇಜರು ತೆಗೆದಿಟ್ಟುಕೊಳ್ಳುತ್ತಿದ್ದರು. ಅವರ ಕೋಣೆಯ ಕಪಾಟಿನ ಕೆಳಖಾನೆಯಲ್ಲಿ, ಪ್ರಿಂಟರ್ ಕಾಗದದ ಕಟ್ಟುಗಳ ಹಿಂದೆ, ಬೆಣ್ಣೆ ಬಿಸ್ಕತ್ತಿನ ದುಂಡು ನೀಲಿ ಡಬ್ಬಗಳಲ್ಲಿ. ಒಂದೊಂದು ಡಬ್ಬಕ್ಕೆ ಒಂದೊಂದು ದೇಶ. ರಜೆಗೆ ಹೋಗುವವನು ಕಾರಣ ಬರೆದುಕೊಡಬೇಕು. ಸಾವಾದರೆ ಸಾವಿನ ಪತ್ರದ ಫೋಟೋ ತೋರಿಸಬೇಕು. ಈ ಸಲ ಫೋಟೋ ಬಂತು, ಆದರೆ ಮ್ಯಾನೇಜರು ಬೀಗದಕೈ ಸಮೇತ ರಜೆಯಲ್ಲಿದ್ದರು. ಅವರು ಮರಳಿ ಬರುವಷ್ಟರಲ್ಲಿ ಊರಿನಲ್ಲಿ ಎಲ್ಲ ಮುಗಿದಿತ್ತು.

“ಅವ ನನ್ನ ಕಾಲು ಹಿಡಿದ ಮಾಷ್ಟ್ರೆ. ನನ್ನ ಕೈಲಿ ಎಂತ ಉಂಟು? ಡಬ್ಬದ ವಿಷಯ ಮ್ಯಾನೇಜರಿಗೆ ಗೊತ್ತು, ನಂಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ. ಇದು ನಿಮ್ಮತ್ರ ಮಾತ್ರ ಹೇಳುದು. ಮನಸ್ಸು ತಡೀಲಿಲ್ಲ, ಹೇಳಿದೆ.”

ನಾನು ತಲೆಯಾಡಿಸಿದೆ. ಆ ತಲೆಯಾಡಿಸುವಾಗಲೇ ನನ್ನ ತಲೆಯೊಳಗೆ ನೀಲಿ ಡಬ್ಬ ಸಿದ್ಧವಾಗಿ ಕೂತಿತ್ತು. ಇಷ್ಟು ವರ್ಷಗಳಲ್ಲಿ ಅಷ್ಟು ಒಳ್ಳೆಯ ವಸ್ತು ನನಗೆ ಸಿಕ್ಕಿರಲಿಲ್ಲ. ಅವರ ದುಃಖಕ್ಕಿಂತ ಮೊದಲು ನನಗೆ ಕಂಡದ್ದು ಅದು. ಈಗ ಬರೆಯುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಮುಂದಿನ ವಾರ ಸಂಸದರ ಆಪ್ತ ಸಹಾಯಕನ ಫೋನು. ಚಳಿಗಾಲದ ಅಧಿವೇಶನ ಮುಗಿಯುತ್ತಾ ಬಂದಿದೆ, ಗುರುವಾರ ಶೂನ್ಯವೇಳೆಯಲ್ಲಿ ಅವಕಾಶ ಸಿಕ್ಕಿದೆ, ಗಲ್ಫ್ ಕಾರ್ಮಿಕರ ವಿಷಯ ಯಾವುದಾದರೂ ಇದೆಯೇ? ಇದೆ ಎಂದೆ. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಕಂಪನಿಯ ಹೆಸರು ಹಾಕಲಿಲ್ಲ, ನಗರದ ಹೆಸರು ಹಾಕಲಿಲ್ಲ, ತಾಯಿ ಸತ್ತವನ ಹೆಸರಂತೂ ಇಲ್ಲವೇ ಇಲ್ಲ. ಹೆಸರಿಲ್ಲದ ಮೇಲೆ ಯಾರಿಗೇನು ತೊಂದರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಬ್ಬ ಇತ್ತು, ಅದರ ಬಣ್ಣ ಇತ್ತು, ಮುಂದೆ ಜೋಡಿಸಿದ ಕಾಗದದ ಕಟ್ಟುಗಳೂ ಇದ್ದವು.

ದೆಹಲಿಯಲ್ಲಿ ಮಧ್ಯಾಹ್ನ ಹನ್ನೆರಡಾದರೆ ನಮಗೆ ಒಂಬತ್ತೂವರೆ. ಕಚೇರಿಯ ಪ್ಯಾಂಟ್ರಿಯಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಸಂಸದರು ಎದ್ದರು. “ಮಾನ್ಯ ಸಭಾಧ್ಯಕ್ಷರೇ, ಒಂದು ಬಿಸ್ಕತ್ತಿನ ಡಬ್ಬದ ಬಗ್ಗೆ ಮಾತಾಡಲು ನಿಂತಿದ್ದೇನೆ” ಎಂದರು. ಸಭೆ ಸುಮ್ಮನಾಯಿತು. ಅಲ್ಲಿಂದ ಮೂರು ನಿಮಿಷ ಯಾರೂ ಅಡ್ಡಿ ಮಾಡಲಿಲ್ಲ. ಕೊನೆಯಲ್ಲಿ ಎರಡೂ ಕಡೆಯವರು ಮೇಜು ಕುಟ್ಟಿದರು. ನಾನೂ ಪ್ಯಾಂಟ್ರಿಯ ಕಟ್ಟೆಯನ್ನು ಕುಟ್ಟಿದೆ. ಪ್ಯಾಂಟ್ರಿಯಲ್ಲಿದ್ದ ನೇಪಾಳದವನು ಏನಾಯಿತೆಂದು ಹಿಂದಿಯಲ್ಲಿ ಕೇಳಿದ. ಏನಿಲ್ಲ, ಒಳ್ಳೆಯ ಸುದ್ದಿ ಎಂದೆ.

ಸಂಜೆಯೊಳಗೆ ಆ ತುಣುಕು ಕರಾವಳಿಯವರ ಎಲ್ಲ ವಾಟ್ಸ್ಯಾಪ್ ಗುಂಪುಗಳಲ್ಲೂ ಓಡಾಡುತ್ತಿತ್ತು. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡಿದ್ದರೆ ನಮ್ಮ ಜನ ಹತ್ತು ಸೆಕೆಂಡು ನೋಡಿ ಬಿಡುತ್ತಿದ್ದರು. ಕನ್ನಡವಾದ್ದರಿಂದ ಪೂರ್ತಿ ಕೇಳಿದರು. ಮುಂದಕ್ಕೆ ಕಳಿಸಿದರು.

ಶುಕ್ರವಾರ ಪಾಠದ ಕೊನೆಗೆ ಹುಡುಗಿ ಕುಣಿಯುತ್ತಾ ಫೋನು ತೆಗೆದಳು. ಅಪ್ಪ ಆಗಷ್ಟೇ ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

“ಸರ್, ಇದು ನೋಡಿದ್ರಾ? ಝೀರೋ ಅವರ್ ಬಗ್ಗೆ ನಂದು ಪ್ರಾಜೆಕ್ಟ್ ಉಂಟಲ್ಲ, ಅದಕ್ಕೆ ಇದನ್ನೇ ಹಾಕ್ತೇನೆ. ಅಪ್ಪಾ, ನೀವೂ ಕೇಳಿ!”

ಸಂಸದರ ದನಿ ಕೋಣೆಯನ್ನು ತುಂಬಿತು. ಸಾಹೇಬರು ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಲ್ಲೇ ಇದ್ದಂತೆ ನಿಂತು ಪೂರ್ತಿ ಕೇಳಿದರು. ಮುಗಿದ ಮೇಲೆ ಮಗಳನ್ನು ಕಾರಿನ ಹತ್ತಿರ ಹೋಗಲು ಹೇಳಿದರು. ಅವಳು ಮೆಟ್ಟಿಲಿಳಿಯುವ ಸದ್ದು ನಿಲ್ಲುವವರೆಗೂ ಕಾದರು.

“ನೀವು ಯಾರತ್ರಾದ್ರೂ ಹೇಳಿದ್ರಾ ಮಾಷ್ಟ್ರೆ?”

“ಇಲ್ಲ ಸಾಹೇಬ್ರೆ. ಅಂಥ ಡಬ್ಬ ಬೇರೆ ಕಂಪನಿಗಳಲ್ಲೂ ಇರಬಹುದಲ್ಲ.”

“ಇರಬಹುದು” ಎಂದು ಅವರು ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೋದರು.

ಆ ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಹೊರಟಿತೆಂದು ಇವತ್ತಿಗೂ ಆಶ್ಚರ್ಯ. ಯೋಚಿಸಲಿಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ.

ಎರಡು ವಾರ ಏನೂ ಆಗಲಿಲ್ಲ. ಏನೂ ಆಗದಿರುವುದೇ ನನ್ನ ಎದೆಯ ಮೇಲೆ ಕೂತಿತು. ಫೋನು ರಿಂಗಾದರೆ ಬೆಚ್ಚುತ್ತಿದ್ದೆ. ಆಮೇಲೆ ಒಂದು ದಿನ ಸಾಹೇಬರೇ ಹೇಳಿದರು: ಮ್ಯಾನೇಜರು ಕ್ಯಾಂಪಿಗೆ ಖುದ್ದಾಗಿ ಬಂದು ಎಲ್ಲರ ಪಾಸ್‌ಪೋರ್ಟನ್ನೂ ಸಹಿ ಹಾಕಿಸಿಕೊಂಡು ಕೊಟ್ಟುಬಿಟ್ಟರಂತೆ. ಡಬ್ಬಗಳು ಮಾಯ. ಕೆಲಸಗಾರರು ಸಿಹಿ ಹಂಚಿದರಂತೆ.

“ಒಳ್ಳೇದೇ ಆಯ್ತಲ್ಲ” ಎಂದೆ.

“ಅವರಿಗೆ ಒಳ್ಳೇದಾಯ್ತು” ಎಂದರು ಸಾಹೇಬರು.

ಮ್ಯಾನೇಜರು ನಮ್ಮ ಊರಿನ ಕಡೆಯವರೇ. ಈ ಮಾತನ್ನು ಮೊದಲೇ ಹೇಳಬೇಕಿತ್ತು, ಹೇಳಲು ನಾಚಿಕೆಯಾಯಿತು. ಅದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸಂಘದ ಊಟಗಳಲ್ಲಿ ಎಷ್ಟೋ ಸಲ ಒಂದೇ ಸಾಲಿನಲ್ಲಿ ಕೂತು ಉಂಡಿದ್ದೇವೆ. ಆದರೂ ಟಿಪ್ಪಣಿ ಬರೆಯುವಾಗ ನನ್ನ ಕಣ್ಣ ಮುಂದೆ ದೆಹಲಿಯ ಸಭೆ ಇತ್ತೇ ಹೊರತು, ಮ್ಯಾನೇಜರ ಹೆಂಡತಿಯ ತವರಿನ ವಾಟ್ಸ್ಯಾಪ್ ಗುಂಪು ಇರಲಿಲ್ಲ. ಆ ತಿಂಗಳ ಸಂಘದ ಕೂಟದಲ್ಲಿ ಅವರು ತಟ್ಟೆ ಹಿಡಿದುಕೊಂಡು ನೇರ ನನ್ನ ಹತ್ತಿರವೇ ಬಂದರು.

“ನಿಮ್ಮ ಎಂಪಿಯವ್ರು ಭಾರೀ ಚಂದ ಮಾತಾಡಿದ್ರಲ್ಲ ಮಾಷ್ಟ್ರೆ. ಬರ್ದು ಕೊಟ್ಟವ್ರು ಗಟ್ಟಿಗರೇ.”

ನಾನು ನಕ್ಕೆ.

“ಹೇಳಿ ಕೊಟ್ಟವ್ರು ಅವರಿಗಿಂತಲೂ ಗಟ್ಟಿಗರು” ಎಂದು ಅವರೂ ನಕ್ಕು, ಪಾಯಸದ ಕಡೆಗೆ ಹೋದರು.

ಅಲ್ಲಿಂದ ಒಂದೊಂದೇ. ಸಾಹೇಬರಿಗೆ ಸಹಾಯಕ್ಕೆಂದು ಹೊಸಬನೊಬ್ಬ ಬಂದ. ಕೆಲಸ ಕಲಿಸಿಕೊಡಿ ಎಂದರು ಮ್ಯಾನೇಜರು. ಕಲಿಸಿದರು. ಸರ್ಕಾರಿ ಆ್ಯಪಿನ ಪಾಸ್‌ವರ್ಡುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ ಎಂದರು. ಕೊಟ್ಟರು. ಕಚೇರಿಗೆ ಬಂದರೆ ಮಾಡಲು ಕೆಲಸವಿಲ್ಲ, ಚಹಾ ಮಾತ್ರ ಹೊತ್ತುಹೊತ್ತಿಗೆ ಬರುತ್ತಿತ್ತು. ಮ್ಯಾನೇಜರು ಒಮ್ಮೆಯೂ ದನಿ ಏರಿಸಲಿಲ್ಲ. ಡಬ್ಬದ ಮಾತು ತೆಗೆಯಲೇ ಇಲ್ಲ. ದಿನಾ ಬೆಳಿಗ್ಗೆ, ಮಗಳ ಓದು ಹೇಗಿದೆ, ಪರೀಕ್ಷೆ ಯಾವಾಗ ಎಂದು ವಿಚಾರಿಸುತ್ತಿದ್ದರಂತೆ.

ಪರೀಕ್ಷೆಗೆ ಸರಿಯಾಗಿ ಐದು ವಾರ ಇದ್ದಾಗ ಕಾಗದ ಕೈಗೆ ಬಂತು. ಕಂಪನಿಗೆ ಇನ್ನು ಅವರ ಸೇವೆ ಬೇಕಿಲ್ಲ. ಯಲ್ಲಾ, ಖಲಾಸ್: ಹೊರಡು, ಮುಗಿಯಿತು. ಅವರ ಐಡಿಯ ಮೇಲೆಯೇ ಹೆಂಡತಿ, ಮಗಳು ಇಲ್ಲಿರುವುದು. ಕೊಟ್ಟ ಗಡುವಿನೊಳಗೆ ಬೇರೆ ಕೆಲಸ ಸಿಕ್ಕಿದರೆ ಸರಿ, ಇಲ್ಲವಾದರೆ ಮೂವರೂ ದೇಶ ಬಿಡಬೇಕು. ಗಡುವು ಪರೀಕ್ಷೆ ಶುರುವಾಗುವ ಮೊದಲೇ ಮುಗಿಯುತ್ತಿತ್ತು. ಪರೀಕ್ಷಾ ಕೇಂದ್ರ ಬದಲಿಸಿ ಊರಿನಲ್ಲಿ ಬರೆಯಬಹುದೇ ಎಂದು ಶಾಲೆಯಲ್ಲಿ ಕೇಳಿದರು. ಅದಕ್ಕೆ ಅರ್ಜಿ ಹಾಕುವ ದಿನ ಯಾವಾಗಲೋ ದಾಟಿತ್ತು.

ಇಪ್ಪತ್ತು ವರ್ಷದ ಅನುಭವವಿರುವ ಮಂದೂಬಿಗೆ ಕೆಲಸ ಸಿಗುವುದು ಕಷ್ಟವಲ್ಲ. ಎರಡು ಕಂಪನಿಗಳು ಕರೆದವು, ಮಾತುಕತೆಯೂ ಮುಗಿಯಿತು. ಮರುದಿನ ಎರಡೂ ಕಡೆಯಿಂದ ಬೇಡವೆಂಬ ಉತ್ತರ. ಯಾರು ಯಾರಿಗೆ ಫೋನು ಮಾಡಿದರೋ ನನಗೆ ಗೊತ್ತಿಲ್ಲ, ಊಹಿಸಬಲ್ಲೆ. ಒಳಗಿನ ಮಾತು ಹೊರಗೆ ಹೇಳಿದ ಮಂದೂಬ್ ಎಂಬ ಹೆಸರು ಒಮ್ಮೆ ಬಂದಿತೆಂದರೆ ಈ ಊರಿನಲ್ಲಿ ಅವರ ಕೈಗೆ ಕಾಗದ ಕೊಡುವವರಿಲ್ಲ.

ನಾನು ಸಂಸದರ ಸಹಾಯಕನಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ, ರಾಯಭಾರ ಕಚೇರಿಯ ಮೂಲಕ ಏನಾದರೂ ಮಾಡಲಾದೀತೇ ಎಂದು ಅಂಗಲಾಚಿದೆ. ಅವನು ಉತ್ಸಾಹದಿಂದ ಕೇಳಿಸಿಕೊಂಡ.

“ಇದು ಇನ್ನೂ ಸ್ಟ್ರಾಂಗ್ ಉಂಟು ಸರ್. ಬಜೆಟ್ ಅಧಿವೇಶನದಲ್ಲಿ ಇದನ್ನೇ ಎತ್ತುವ. ಅವರ ಹೆಸರು, ಫೋಟೋ, ಮಗಳ ಹಾಲ್ ಟಿಕೆಟ್ ಎಲ್ಲ ಕಳಿಸಿ.”

ನಾನು ಫೋನು ಕೆಳಗಿಟ್ಟೆ. ಏನನ್ನೂ ಕಳಿಸಲಿಲ್ಲ. ಹೆಸರು ಸಿಗದಿದ್ದರೂ ಸಂಸದರು ವಿಷಯವನ್ನು ಬಿಡಲಿಲ್ಲ. ಅಧಿವೇಶನದ ಮೊದಲ ವಾರದಲ್ಲೇ ವಿದೇಶಾಂಗ ವ್ಯವಹಾರದ ಮೇಲೆ ಮಾತಾಡುತ್ತಾ, ತಾವು ಪ್ರಸ್ತಾಪಿಸಿದ ಬಳಿಕ ಕೊಲ್ಲಿಯ ಒಂದು ಕಂಪನಿ ಎಲ್ಲ ಪಾಸ್‌ಪೋರ್ಟುಗಳನ್ನು ಹಿಂತಿರುಗಿಸಿದೆ, ಇದು ಈ ಸದನದ ಗೆಲುವು ಎಂದರು. ಮಾತು ಸುಳ್ಳಲ್ಲ. ಆ ಕ್ಯಾಂಪಿನವರು ಈಗ ತಾಯಿ ಸತ್ತರೆ ಅದೇ ದಿನ ವಿಮಾನ ಹತ್ತಬಹುದು. ಮತ್ತೆ ಮೇಜು ಕುಟ್ಟಿದ ಸದ್ದು. ನಾನು ಪೂರ್ತಿ ನೋಡಲಾರದೆ ಫೋನು ಆರಿಸಿದೆ.

ಅದೇ ವಾರ ಸಾಹೇಬರು ಮನೆಗೆ ಬಂದರು. ಒಂದೇ ತಿಂಗಳಲ್ಲಿ ಗಲ್ಲ ಒಳಗೆ ಹೋಗಿತ್ತು.

“ಒಂದು ಅರ್ಜಿ ಬರ್ದು ಕೊಡ್ಬೇಕು ಮಾಷ್ಟ್ರೆ. ಎಂಪಿಯವರಿಗೆ. ನಮ್ಮ ವಿಷಯ ಮಾತಾಡಿದ್ದಾರಲ್ಲ, ಅವರಿಗೇ ಹೇಳಿದ್ರೆ ಪರೀಕ್ಷೆ ಮುಗಿಯುವ ತನಕ ಇರ್ಲಿಕ್ಕೆ ಎಂತಾದ್ರೂ ದಾರಿ ಆಗ್ತದಾ ಅಂತ.”

ಕಾಗದ, ಪೆನ್ನು ನನ್ನ ಮುಂದೆಯೇ ಇದ್ದವು. ಮೊದಲ ಸಾಲು ಬರೆಯುವುದು ನನಗೆ ಆಗಲಿಲ್ಲ.

“ಸಾಹೇಬ್ರೆ, ಅದನ್ನು ಬರ್ದು ಕೊಟ್ಟದ್ದು ನಾನೇ. ಡಬ್ಬದ ವಿಷಯ ಹೋದದ್ದು ನನ್ನಿಂದ. ನಿಮ್ಮತ್ರ ಸುಳ್ಳು ಹೇಳಿದೆ.”

ಅವರು ನನ್ನ ಮುಂದಿದ್ದ ಪೆನ್ನನ್ನು ಎತ್ತಿ ಮುಚ್ಚಳ ಹಾಕಿದರು. ಕೆಳಗೆ ದರ್ಜಿಯ ಯಂತ್ರ ಓಡುತ್ತಿತ್ತು.

“ಗೊತ್ತುಂಟು ಮಾಷ್ಟ್ರೆ. ನಾನು ಹೇಳಿದ್ದು ಒಬ್ಬರತ್ರವೇ ಅಲ್ವಾ? ಆ ದಿನ ಬಾಗಿಲಲ್ಲಿ ಕೇಳಿದ್ದು, ನೀವಾಗಿ ಹೇಳ್ತೀರೋ ಅಂತ.”

ನಾನು ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಒಂದು ದಾರಿ ಉಳಿದಿತ್ತು, ಅದನ್ನು ನಾನೂ ಹೆಂಡತಿಯೂ ಆಗಲೇ ಮಾತಾಡಿಕೊಂಡಿದ್ದೆವು. ತಂದೆ ತಾಯಿ ಊರಿಗೆ ಹೋಗಲಿ, ಹುಡುಗಿ ಮಾತ್ರ ವಿಸಿಟ್ ವೀಸಾದಲ್ಲಿ ಮರಳಿ ಬಂದು ನಮ್ಮ ಮನೆಯಲ್ಲಿದ್ದು ಪರೀಕ್ಷೆ ಮುಗಿಸಲಿ. ಶಾಲೆಯವರೂ ಒಪ್ಪಿದ್ದರು. ಹೆಂಡತಿ ಒಳಕೋಣೆಯನ್ನು ಅವಳಿಗೆಂದು ಖಾಲಿ ಮಾಡಿ, ಮೇಜು ಹಾಕಿಸಿ, ಮಾಂಸದ ಅಂಗಡಿಯವನಿಗೆ ಹೇಳಿಯೂ ಆಗಿತ್ತು. ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಸಾಹೇಬರು ಯೋಚಿಸಿದರು. “ಆಗ್ಲಿ. ಆದ್ರೆ ಮೊದ್ಲು ಅವಳಿಗೆ ನೀವೇ ಹೇಳ್ಬೇಕು, ಏನಾಯ್ತು ಅಂತ. ಅಪ್ಪ ಕಂಪನಿಯಲ್ಲಿ ಎಂತದೋ ಕೆಟ್ಟ ಕೆಲಸ ಮಾಡಿ ಸಿಕ್ಕಿಬಿದ್ದ ಅಂತ ಶಾಲೆಯಲ್ಲಿ ಯಾರೋ ಹೇಳಿದ್ದಾರೆ. ಹತ್ತು ದಿನ ಆಯ್ತು, ನನ್ನತ್ರ ಮಾತಿಲ್ಲ. ಮತ್ತೆ ನಿಮ್ಮಲ್ಲಿ ಇರ್ತಾಳೋ ಇಲ್ವೋ, ಅವಳೇ ಹೇಳ್ಲಿ.”

ಮರುದಿನ ಅಲ್ ಹಿಲಾಲ್‌ನ ಅವರ ಮನೆಗೆ ಹೋದೆ. ಹಾಲಿನ ತುಂಬ ಪುಸ್ತಕ, ಅರ್ಧ ಕಟ್ಟಿದ ರಟ್ಟಿನ ಪೆಟ್ಟಿಗೆಗಳು. ಸಾಹೇಬರೂ ಅವರ ಹೆಂಡತಿಯೂ ಒಳಗೆ ಹೋದರು. ಹುಡುಗಿ ನನ್ನ ಎದುರು ಕೂತು, ಪಾಠಕ್ಕೆ ಕೂರುವ ಹಾಗೆಯೇ ಕೈಕಟ್ಟಿಕೊಂಡಳು. ನಾನು ಮೊದಲಿನಿಂದ ಹೇಳಿದೆ. ಅವಳ ಅಪ್ಪ ಯಾವ ತಪ್ಪೂ ಮಾಡಿಲ್ಲವೆಂದು, ಒಬ್ಬನ ಸಂಕಟ ತಡೆಯಲಾರದೆ ಗೆಳೆಯನ ಹತ್ತಿರ ಹೇಳಿದರೆಂದು, ಆ ಗೆಳೆಯ ಅದನ್ನು ಲೋಕಸಭೆಗೆ ಕಳಿಸಿದನೆಂದು. ಏನನ್ನೂ ಮುಚ್ಚಿಡಲಿಲ್ಲ. ಹೊಗಳಿಕೆಯ ಆಸೆ ಇತ್ತೆಂಬುದನ್ನೂ ಹೇಳಿದೆ. ಅದರಿಂದ ಎಷ್ಟೋ ಜನರಿಗೆ ಪಾಸ್‌ಪೋರ್ಟು ಮರಳಿ ಸಿಕ್ಕಿತೆಂದು ಕೊನೆಗೆ ಸೇರಿಸಿದೆ. ಸೇರಿಸಬಾರದಿತ್ತು.

ಅವಳು ಅಳಲಿಲ್ಲ. ಪ್ರಶ್ನೆ ಕೇಳುವ ಮೊದಲು ಕನ್ನಡದ ಶಬ್ದಗಳನ್ನು ಹುಡುಕುವುದು ಅವಳ ಅಭ್ಯಾಸ. ಆವತ್ತೂ ಹುಡುಕಿ, ನಿಧಾನವಾಗಿ ಕೇಳಿದಳು.

“ಎಕ್ಸಾಮ್ ಮುಗಿದ ಮೇಲೆ ಬರೀಬಹುದಿತ್ತಲ್ಲ ಸರ್?”

ಬಜೆಟ್ ಅಧಿವೇಶನ ಇತ್ತು, ಅದರ ಮುಂದಿನದ್ದೂ ಇತ್ತು. ಸಂಸದರಿಗೆ ಇನ್ನೂ ಎಷ್ಟೋ ಶೂನ್ಯವೇಳೆಗಳಿದ್ದವು. ಅವಳಿಗೆ ಇದ್ದದ್ದು ಒಂದು ಪರೀಕ್ಷೆ. ಇಷ್ಟು ಸುಲಭದ ಮಾತು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಅವಳು ಎದ್ದು ಒಳಗೆ ಹೋದಳು. ಬ್ಯಾರಿ ಭಾಷೆಯಲ್ಲಿ ಅಪ್ಪನ ಹತ್ತಿರ ಏನೋ ಹೇಳುತ್ತಿರುವುದು ಕೇಳಿಸಿತು, ಹತ್ತು ದಿನಗಳ ಮೇಲೆ ಮೊದಲ ಸಲ. ಆಮೇಲೆ ಸಾಹೇಬರು ಹೊರಗೆ ಬಂದು, ಬಾಗಿಲವರೆಗೆ ನನ್ನ ಜೊತೆ ನಡೆದು, ಟಿಕೆಟ್ ಮೂರನ್ನೂ ಒಟ್ಟಿಗೇ ಮಾಡಿಸುವುದಾಗಿ ಹೇಳಿದರು. ಮರಳಿ ಬರುವ ಟಿಕೆಟ್ ಯಾರಿಗೂ ಬೇಡವಂತೆ.